ಚಂದ್ರದ್ರೋಣದ ಸೀಮೆಯಲ್ಲಿ ಬ್ರೂಸ್ ಫೂಟ್

ಕಡೂರಿನ ಬಯಲಿನಿಂದ ಪಡುವಲಿಗೆ ಕಾಣುವ ಚಂದ್ರದ್ರೋಣಪರ್ವತವನ್ನು ನಮ್ಮ ಹಿರಿಯರು ದತ್ತಾತ್ರೇಯರ, ಬಾಬಾಬುಡನರ ನೆಲೆಯೆಂದು ಪುಣ್ಯಕ್ಕಾಗಿ ಏರುತ್ತಿದ್ದರು. ಆ ಸೀಮೆಯ ಕಲ್ಲನ್ನು ಶಾಸ್ತ್ರದೃಷ್ಟಿಯಿಂದ ಓದಲು ಶ್ರಮಿಸಿದ ಮೊದಲಿಗರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ಪ್ರಮುಖರು.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂಗರ್ಭ ಇಲಾಖೆಯನ್ನು ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯೊಂದನ್ನು ಕಂಡು ಪ್ರಖ್ಯಾತರಾದರು. 1887ರಲ್ಲಿ ಮೈಸೂರು ಸರ್ಕಾರದವರಿಗಾಗಿ ಚಿನ್ನದ ನೆಲೆಗಳನ್ನು ಪರೀಕ್ಷಿಸುತ್ತ ತರೀಕೆರೆ, ಅಜ್ಜಂಪುರಗಳ ಕಡೆಗೂ ಬಂದರು. ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಹೊನ್ನಿನ ಕಣವನ್ನು ತೆಗೆಯುವುದು ನಮ್ಮ ಜಾಲಗಾರರ ಹಳೆಯ ವಿದ್ಯೆ. ಫೂಟರ ಪರೀಕ್ಷೆಗೂ ಅದೇ ಆಧಾರ. ವರದಿಯ ಮೇಲೆ ಮಾತ್ರ ಒಬ್ಬರದೇ ಹೆಸರು.

ಆದರೆ ಇನ್ನೊಂದು ಹೆಸರಿನ ವಿಷಯದಲ್ಲಿ ಕನ್ನಡಿಗರು ಇವರಿಗೆ ಋಣಿಗಳು. ಈ ಗಿರಿಯ ಕಬ್ಬಿಣದ ಕಲ್ಲೂ ಸೇರಿದ ಪ್ರಾಚೀನ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟವರು ಇವರು. ಕನ್ನಡದ ಊರೊಂದು ಹೀಗೆ ಲೋಕದ ಭೂಗರ್ಭಶಾಸ್ತ್ರವನ್ನು ಹೊಕ್ಕಿತು. 1894ರಲ್ಲಿ ಸ್ಥಾಪನೆಯಾದ ಮೈಸೂರಿನ ಭೂಗರ್ಭ ಇಲಾಖೆಗೂ ಇವರೇ ಮೊದಲ ಮುಖ್ಯಸ್ಥರು.

1912ರಲ್ಲಿ ಕಲ್ಕತ್ತೆಯಲ್ಲಿ ಫೂಟರು ಕಾಲವಾದರು. ತರೀಕೆರೆಯ ಮೇಲಣ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ್ದು 1923ರಲ್ಲಿ.