ಜೆಲ್ ಒತ್ತೋರ ಹರ್ಟ್ಜ್

ಹರ್ಟ್ಜ್ ಅಂದ್ರೆ ನಮಗೆ ಫ್ರೀಕ್ವೆನ್ಸಿಯ ಯೂನಿಟ್ ಅಷ್ಟೇ. ಮೆತ್ತನೆ ಜೆಲ್ ಎಷ್ಟು ಗಟ್ಟಿ ಅಂತ ಅಳೆಯೋರಿಗೂ ಆತ ಬೇಕು. 1857ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಹೈನ್ರಿಕ್ ಹರ್ಟ್ಜ್, 1880ರ ಕ್ರಿಸ್‌ಮಸ್ ರಜೆಯಲ್ಲಿ ಒಂದೇ ಪ್ರಶ್ನೆ ಹಿಡಿದು ಕೂತ: ಎರಡು ಗಾಜಿನ ಲೆನ್ಸ್ ಒತ್ತಿ ಹಿಡಿದರೆ ಅವುಗಳ ಮೈ ಎಷ್ಟು ತಗ್ಗುತ್ತೆ? ಆಗ ವಯಸ್ಸು 23. (ನಮಗೆ ರಜೆಯಲ್ಲಿ ರೆಕಾರ್ಡ್ ಬುಕ್ ಬರೆದು ಮುಗಿಸೋಕೂ ಆಗಲ್ಲ.) ಸಿಕ್ಕ ಉತ್ತರ, ಬಲವು ಆಳದ 3/2ನೇ ಘಾತದಂತೆ ಏರುತ್ತೆ ಅನ್ನೋದು. ಇವತ್ತು ಜೆಲ್ ಮೇಲೆ ಪುಟ್ಟ ಗುಂಡು ಒತ್ತಿ, ಬಲ-ಆಳದ ಗ್ರಾಫಿನಿಂದ ಯಂಗ್ಸ್ ಮಾಡ್ಯುಲಸ್ ತೆಗೆಯೋದು ಇದರಿಂದಲೇ. ಆದರೆ ಆತ ಅಂಟುವಿಕೆಯನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾಜಿಗೆ ನಡೀತು; ಜೆಲ್ಲು ಗುಂಡಿಗೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತೆ. ಮುಂದೆ ರೇಡಿಯೋ ತರಂಗಗಳನ್ನು ತೋರಿಸಿಕೊಟ್ಟ ಹರ್ಟ್ಜ್, 1894ರ ಜನವರಿ 1ರಂದು ಬಾನ್‌ನಲ್ಲಿ ತೀರಿಕೊಂಡಾಗ ಇನ್ನೂ 36. ಆ ಅಂಟಿನ ಲೆಕ್ಕವನ್ನು ಜಾನ್ಸನ್, ಕೆಂಡಾಲ್, ರಾಬರ್ಟ್ಸ್ ಸೇರಿಸಿದ್ದು 1971ರಲ್ಲಿ, ರಬ್ಬರ್ ಮತ್ತು ಜೆಲಾಟಿನ್ ಗುಂಡುಗಳನ್ನು ಒತ್ತಿ ನೋಡಿ.