ಮಿಖಾಯಿಲ್ ದೊಲಿವೊ-ದೊಬ್ರೊವೊಲ್ಸ್ಕಿ

ಮಿಖಾಯಿಲ್ ಒಸಿಪೊವಿಚ್ ದೊಲಿವೊ-ದೊಬ್ರೊವೊಲ್ಸ್ಕಿ (ಜನವರಿ 2, 1862 – ನವೆಂಬರ್ 15, 1919) ಮೂರು ಫೇಸಿನ ವಿದ್ಯುತ್ ವ್ಯವಸ್ಥೆಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರಾದ ರಷ್ಯಾ ಮೂಲದ ಎಂಜಿನಿಯರ್. ಇಂದು ನೀರಾವರಿ ಪಂಪುಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ತಿರುಗುವ ಮೋಟಾರುಗಳ ಮೂಲರೂಪ ಇವರದು.

ಜನನ ಮತ್ತು ವಿದ್ಯಾಭ್ಯಾಸ

ಸೇಂಟ್ ಪೀಟರ್ಸ್‌ಬರ್ಗ್ ಸಮೀಪದ ಗಾಚಿನಾದಲ್ಲಿ ಜನಿಸಿದ ಇವರು ಒಡೆಸ್ಸಾದಲ್ಲಿ ಶಾಲಾ ಶಿಕ್ಷಣ ಮುಗಿಸಿ, 1878ರಲ್ಲಿ ರೀಗಾದ ಪಾಲಿಟೆಕ್ನಿಕ್ ಸೇರಿದರು. 1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ಬಳಿಕ ವಿದ್ಯಾರ್ಥಿಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿತು. ಇವರೂ ಸಂಸ್ಥೆಯಿಂದ ಹೊರಹಾಕಲ್ಪಟ್ಟರು. ರಷ್ಯಾದಲ್ಲಿ ಓದು ಮುಂದುವರಿಸುವ ದಾರಿ ಮುಚ್ಚಿದ್ದರಿಂದ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ತೆರಳಿ, ಎರಾಸ್ಮಸ್ ಕಿಟ್ಲರ್ ಅವರ ಬಳಿ ಆಗಷ್ಟೇ ಆರಂಭವಾಗಿದ್ದ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಕಲಿತರು. ಅಂದು ಹೊರದೂಡಿದ ದೇಶಕ್ಕೆ ಆದ ನಷ್ಟ ಸಣ್ಣದಲ್ಲ.

ಮೂರು ಫೇಸಿನ ಮೋಟಾರು

1887ರಲ್ಲಿ ಇವರು ಬರ್ಲಿನ್ನಿನ ಎಇಜಿ ಕಂಪನಿ ಸೇರಿದರು. ಮರುವರ್ಷ ಫೆರಾರಿಸ್ ಮತ್ತು ಟೆಸ್ಲಾ ಎರಡು ಫೇಸಿನ ಮೋಟಾರುಗಳನ್ನು ಪ್ರಕಟಪಡಿಸಿದರು. ದೊಬ್ರೊವೊಲ್ಸ್ಕಿ ಮೂರು ಫೇಸುಗಳನ್ನು ಆರಿಸಿಕೊಂಡು, 1889ರಲ್ಲಿ 'ಅಳಿಲು ಪಂಜರ'ದಂತಹ ರೋಟರುಳ್ಳ ಮೋಟಾರನ್ನು ನಿರ್ಮಿಸಿದರು. ರೋಟರಿಗೆ ಹೊರಗಿನಿಂದ ತಂತಿಯ ಸಂಪರ್ಕವೇ ಬೇಕಿಲ್ಲದ್ದರಿಂದ ಸವೆಯುವ ಭಾಗಗಳು ಕಡಿಮೆ.

ಮೂರು ಸುರುಳಿಗಳನ್ನು ನಕ್ಷತ್ರದಂತೆ (ಸ್ಟಾರ್) ಅಥವಾ ತ್ರಿಕೋನದಂತೆ (ಡೆಲ್ಟಾ) ಜೋಡಿಸಬಹುದೆಂಬುದನ್ನೂ ಇವರು ವಿವರಿಸಿದರು. ಡೆಲ್ಟಾದಲ್ಲಿ ಒಂದು ಸುರುಳಿಯ ಕೊನೆ ಮತ್ತೊಂದರ ಮೊದಲಿಗೆ ಸೇರುತ್ತದೆ. ಪ್ರತಿ ಸುರುಳಿಗೂ ಎರಡು ತಂತಿಗಳ ನಡುವಿನ ಪೂರ್ಣ ವೋಲ್ಟೇಜ್, ಅಂದರೆ ನಮ್ಮಲ್ಲಿ 415 ವೋಲ್ಟ್, ದೊರೆಯುತ್ತದೆ; ಸ್ಟಾರ್‌ನಲ್ಲಿ ಸುಮಾರು 240 ಮಾತ್ರ. ದೊಡ್ಡ ಮೋಟಾರನ್ನು ನೇರವಾಗಿ ಡೆಲ್ಟಾದಲ್ಲಿ ಚಾಲೂ ಮಾಡಿದರೆ ಅದು ಆರಂಭದಲ್ಲಿ ವಿಪರೀತ ವಿದ್ಯುತ್ತನ್ನು ಎಳೆಯುತ್ತದೆ. ಆದ್ದರಿಂದ ಮೊದಲು ಸ್ಟಾರ್‌ನಲ್ಲಿ ಹೊರಡಿಸಿ, ವೇಗ ಬಂದ ಮೇಲೆ ಡೆಲ್ಟಾಕ್ಕೆ ಬದಲಿಸುತ್ತಾರೆ. ಹೀಗೆ ಮಾಡಿದಾಗ ತಂತಿಯಿಂದ ಎಳೆಯುವ ಆರಂಭದ ವಿದ್ಯುತ್ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ತಿರುಗಿಸುವ ಬಲವೂ ಅಷ್ಟೇ ಇಳಿಯುವುದರಿಂದ, ಪೂರ್ಣ ಭಾರ ಹೊತ್ತು ಹೊರಡಬೇಕಾದ ಯಂತ್ರಗಳಿಗೆ ಈ ಕ್ರಮ ಒಗ್ಗದು. ರೈತರಿಗೆ ಪರಿಚಿತವಾದ 'ಸ್ಟಾರ್-ಡೆಲ್ಟಾ ಸ್ಟಾರ್ಟರ್' ಮಾಡುವ ಕೆಲಸ ಇದೇ.

ಲೌಫೆನ್–ಫ್ರಾಂಕ್‌ಫರ್ಟ್ ಮಾರ್ಗ

1891ರ ಫ್ರಾಂಕ್‌ಫರ್ಟ್ ವಿದ್ಯುತ್ ಪ್ರದರ್ಶನಕ್ಕಾಗಿ ಲೌಫೆನ್ ಜಲವಿದ್ಯುತ್ ಕೇಂದ್ರದಿಂದ 175 ಕಿ.ಮೀ. ದೂರ ಮೂರು ಫೇಸಿನ ವಿದ್ಯುತ್ ಹರಿಸಲಾಯಿತು. ಅಷ್ಟು ದೂರದಲ್ಲಿ ಶಕ್ತಿಯ ಬಹುಪಾಲು ನಷ್ಟವಾಗುವುದೆಂಬ ಶಂಕೆ ಹಲವರಲ್ಲಿತ್ತು. ಸುಮಾರು ಮುಕ್ಕಾಲು ಪಾಲು ತಲುಪಿತು. ಅದರಿಂದ ಸಾವಿರ ದೀಪಗಳು ಬೆಳಗಿದವು, 100 ಅಶ್ವಶಕ್ತಿಯ ಮೋಟಾರೊಂದು ನೀರೆತ್ತಿ ಕೃತಕ ಜಲಪಾತವನ್ನು ಹರಿಸಿತು. ಹನ್ನೊಂದು ವರ್ಷಗಳ ನಂತರ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿದ್ದೂ ಇದೇ ವಿಧಾನದಲ್ಲಿ.

ಕೊನೆಯ ವರ್ಷಗಳು

1903ರಲ್ಲಿ ಸ್ವಿಟ್ಜರ್‌ಲೆಂಡಿಗೆ ತೆರಳಿ ಅಲ್ಲಿನ ಪೌರತ್ವ ಪಡೆದ ಇವರು 1909ರಲ್ಲಿ ಎಇಜಿಗೆ ಮರಳಿದರು. 1911ರಲ್ಲಿ ಡಾರ್ಮ್‌ಸ್ಟಾಟ್ ಗೌರವ ಡಾಕ್ಟರೇಟ್ ನೀಡಿತು. ಅತಿ ದೂರದ ಸಾಗಣೆಗೆ ಪರ್ಯಾಯ ವಿದ್ಯುತ್ತಿಗಿಂತ ನೇರ ವಿದ್ಯುತ್ತೇ ಮುಂದೆ ಸೂಕ್ತವಾದೀತೆಂದು, ತಾವೇ ಬೆಳೆಸಿದ ವ್ಯವಸ್ಥೆಯ ಮಿತಿಯನ್ನು ಕೊನೆಗಾಲದಲ್ಲಿ ಇವರೇ ಬರೆದರು. 1919ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಿಧನರಾದರು.