ಸತ್ಯಾಗ್ರಹಿ ಶ್ರೀ ಎಸ್. ನಿಜಲಿಂಗಪ್ಪನವರು

ಆಳುವವರ ಆಜ್ಞೆಯನ್ನು ಮೀರುವುದಕ್ಕೆ ಧೈರ್ಯ ಬೇಕು. ಮೀರಿದುದರ ಫಲವನ್ನು ದ್ವೇಷವಿಲ್ಲದೆ ಉಣ್ಣುವುದಕ್ಕೆ ತಪಸ್ಸೇ ಬೇಕು. ಪ್ರಜೆಗಳ ಒಪ್ಪಿಗೆಯಿಂದ ಅಧಿಕಾರವನ್ನೇರುವುದು ಭಾಗ್ಯ. ಅವರೇ ಬೇಡವೆಂದಾಗ ತಲೆಬಾಗುವುದು ಅದಕ್ಕೂ ಮಿಗಿಲಾದ ಗುಣ. ಈ ಎರಡನ್ನೂ ತಮ್ಮ ಬಾಳಿನಲ್ಲಿ ತೋರಿದವರು ಚಿತ್ರದುರ್ಗದ ಶ್ರೀ ಎಸ್. ನಿಜಲಿಂಗಪ್ಪನವರು.

1902ನೆಯ ಇಸವಿ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನ ಶಿವಭಕ್ತ ಮನೆತನದಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಪದವಿಯನ್ನೂ ಪುಣೆಯಲ್ಲಿ ಕಾನೂನು ವ್ಯಾಸಂಗವನ್ನೂ ಮುಗಿಸಿ ದುರ್ಗದಲ್ಲಿ ವಕೀಲಿವೃತ್ತಿಯನ್ನು ಕೈಗೊಂಡರು. ಬಸವಣ್ಣನವರ ಬೋಧೆಯೂ ಗಾಂಧೀಜಿಯವರ ಮಾರ್ಗವೂ ಅವರ ಅಂತರಂಗವನ್ನು ತಿದ್ದಿದವು.

ಆಗ ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯಿದ್ದರೂ ದಿವಾನರು ಅದಕ್ಕೆ ಹೊಣೆಗಾರರಾಗಿರಲಿಲ್ಲ. ಜವಾಬ್ದಾರಿ ಸರ್ಕಾರವನ್ನು ಬೇಡಿದವರಿಗೆ ದೊರೆತುದು ಸೆರೆಮನೆ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜವನ್ನೆತ್ತಲು ನೆರೆದ ಜನರು ಗುಂಡಿಗೆ ಬಲಿಯಾದರು. ಆದರೂ ಪ್ರಜೆಗಳು ಅಹಿಂಸೆಯನ್ನು ಕೈಬಿಡಲಿಲ್ಲ. ಮರುವರ್ಷ, 1939ರಲ್ಲಿ, ಚಿತ್ರದುರ್ಗಕ್ಕೆ ಸಮೀಪದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹವು ಮೊದಲಾಯಿತು. ಈಚಲುಮರದಿಂದ ಹೆಂಡ, ಹೆಂಡದಿಂದ ಬೊಕ್ಕಸಕ್ಕೆ ಆದಾಯ. ಆ ಮರಗಳನ್ನು ಹಾಡಹಗಲಿನಲ್ಲಿ ಕಡಿದು, ಕಾನೂನನ್ನು ಮುರಿದೆವೆಂದು ತಾವೇ ಒಪ್ಪಿ ಸೆರೆಗೆ ನಡೆಯುವುದೇ ಆ ಹೋರಾಟದ ಕ್ರಮ. ಕೊಡಲಿಯು ಬಿದ್ದುದು ಮರದ ಮೇಲೆ, ಮನುಷ್ಯನ ಮೇಲಲ್ಲ. ಮುಂದಾಳಾದ ನಿಜಲಿಂಗಪ್ಪನವರು ಸೆರೆವಾಸವನ್ನು ಅನುಭವಿಸಿದರಲ್ಲದೆ ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಸಂಸಾರಸ್ಥನಾದವನಿಗೆ ಅನ್ನದ ದಾರಿಯೇ ಮುಚ್ಚಿದಂತಾಯಿತು. ಆದರೂ ಅವರ ನಿಷ್ಠೆ ಕದಲಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾಯಿತು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಅವರೇ ಅದರ ಮೊದಲ ಮುಖ್ಯಮಂತ್ರಿಗಳಾದರು. ಆದರೆ 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿದರು. ತಮ್ಮ ಜಿಲ್ಲೆಯೇ ತಮ್ಮನ್ನು ನಿರಾಕರಿಸಿದ ಆ ಹೊತ್ತಿನಲ್ಲಿ ಶ್ರೀ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯಿಂದ ಚುನಾಯಿತರಾಗಿ ಬಂದ ಬಳಿಕವೇ, ಅದೇ ವರ್ಷದ ಜೂನ್‌ನಲ್ಲಿ, ನಿಜಲಿಂಗಪ್ಪನವರು ಮರಳಿ ಆ ಪದವಿಯನ್ನು ವಹಿಸಿ 1968ರವರೆಗೆ ರಾಜ್ಯವನ್ನು ನಡೆಸಿದರು.

ಆಮೇಲೆ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೊಡನೆ ತಲೆದೋರಿದ ವಿರೋಧದಿಂದ ಪಕ್ಷವು ಇಬ್ಭಾಗವಾಯಿತು. ಜನಮತವು ಬಹುಮಟ್ಟಿಗೆ ಇಂದಿರಾ ಅವರ ಕಡೆಗೆ ಒಲಿದಾಗ ನಿಜಲಿಂಗಪ್ಪನವರು ಕ್ರಮೇಣ ರಾಜಕಾರಣದಿಂದ ಹಿಂದೆ ಸರಿದು ದುರ್ಗದ ತಮ್ಮ ಮನೆಯಲ್ಲಿ ಸರಳವಾಗಿ ಬಾಳಿದರು. 2000ನೆಯ ಇಸವಿ ಆಗಸ್ಟ್ 8ರಂದು, ತೊಂಬತ್ತೇಳರ ವಯಸ್ಸಿನಲ್ಲಿ, ಲಿಂಗೈಕ್ಯರಾದರು.

ತುರುವನೂರಿನಲ್ಲಿ ಶಿಕ್ಷೆಯನ್ನು ಒಪ್ಪಿದ ಮನಸ್ಸೇ ಹೊಸದುರ್ಗದಲ್ಲಿ ಸೋಲನ್ನು ಒಪ್ಪಿತು. ಪ್ರಜೆಗಳ ಮಾತೇ ಹಿರಿದೆಂದು ಅಧಿಕಾರವಿಲ್ಲದಾಗ ಸಾರುವುದು ನುಡಿ. ಆ ಮಾತು ತನಗೇ ವಿರುದ್ಧವಾದಾಗಲೂ ಪಾಲಿಸುವುದು ನಡೆ. ನುಡಿಯೂ ನಡೆಯೂ ಒಂದಾದಲ್ಲಿಯೇ ಶರಣಮಾರ್ಗ. ಪ್ರಜಾರಾಜ್ಯಕ್ಕೂ ಅದೇ ಬುನಾದಿ. ಇದನ್ನರಿತು ಸದ್ಭಕ್ತರು ತಮ್ಮ ಮನೆ, ಊರು, ಸಭೆಗಳಲ್ಲಿ ಆಚರಿಸುವುದು ಶ್ರೇಯಸ್ಕರ.